ಅಗಲದ ಮಾನಿಟರೂ ಇಬ್ಬರು ಸೋದರಮಾವಂದಿರೂ

ಕೆಲವರಿಗೆ ಅಂಗಡಿಗೆ ಹೋಗಿ, ಬೊಟ್ಟು ಮಾಡಿ, ಬೇಕಾದ್ದನ್ನು ಕಟ್ಟಿಸಿಕೊಂಡು ಬರುವ ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ. ನಾನು ಆ ಪೈಕಿ ಅಲ್ಲ. ಒಂದು ಜೋಡು ಚಪ್ಪಲಿ ಕೊಳ್ಳಬೇಕಾದರೂ ಊರಿನ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಮೊದಲನೇ ಅಂಗಡಿಯಲ್ಲಿ ಬೇಡವೆಂದು ಬಿಟ್ಟು ಬಂದದ್ದನ್ನೇ ಹಾಕಿಕೊಂಡು ಮನೆಗೆ ಬರುವವನು. ಮನೆಗೆ ಬಂದ ಮೇಲೆ ಅದು ಕಚ್ಚುತ್ತದೆ. ಇಂಥವನು ಕಂಪ್ಯೂಟರಿನ ಮಾನಿಟರ್ ಕೊಳ್ಳಲು ಹೊರಟರೆ ಏನಾಗಬೇಕೋ ಅದೇ ಆಯಿತು. ಅದೂ ಸಾದಾ ಮಾನಿಟರ್ ಅಲ್ಲ. ಅಲ್ಟ್ರಾವೈಡ್ ಎಂಬ, ಮೇಜಿನ ಈ ತುದಿಯಿಂದ ಆ ತುದಿಗೆ ಕಾಲು ಚಾಚಿ ಮಲಗುವ ಮಾನಿಟರ್. ಮೇಲಾಗಿ ಅದು ನನಗೆ ಸೋವಿಯಲ್ಲಿ ಬೇಕಾಗಿತ್ತು.

ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಅರ್ಜಿ, ಲಗ್ನಪತ್ರಿಕೆ, ಝೆರಾಕ್ಸ್ ಎಲ್ಲ ಮಾಡುತ್ತೇನೆ, ಆದರೆ ನಿಜವಾಗಿ ಒಲೆ ಉರಿಸುವುದು ಫ್ಲೆಕ್ಸ್ ಬ್ಯಾನರು. ನಮ್ಮ ಕಡೆ ಯಾವ ಸಂತೋಷವೂ ರಸ್ತೆಗೆ ಅಡ್ಡ ಕಟ್ಟಿದ ಹೊರತು ಪೂರ್ತಿಯಾಗುವುದಿಲ್ಲ. ಹೊಸ ಟ್ರ್ಯಾಕ್ಟರ್ ಬಂದರೂ ಬ್ಯಾನರು, ಮಗ ಪಾಸಾದರೂ ಬ್ಯಾನರು. ಮದುವೆಯದಾದರೆ ನಡುವೆ ಮದುಮಕ್ಕಳು, ಎಡಕ್ಕೂ ಬಲಕ್ಕೂ ಶುಭ ಕೋರುವವರು, ಅಂದರೆ ಬಿಟ್ಟರೆ ಸಿಟ್ಟಾಗುವವರು. ಗಿರಾಕಿಗಳಾದರೂ ಫೋಟೋ ಕೊಟ್ಟು ಹೋಗುವವರಲ್ಲ. ಮನೆಮಂದಿಯೆಲ್ಲ ಬಂದು ನನ್ನ ಬೆನ್ನ ಹಿಂದೆ ಕೂತು, ಚಹಾ ಕುಡಿಯುತ್ತ, "ಅವರನ್ನ ಸ್ವಲ್ಪ ಈ ಕಡಿ ಸರಸ್ರಿ, ಇವರ ಮೀಸಿ ಸ್ವಲ್ಪ ಕಪ್ಪ ಮಾಡ್ರಿ" ಎಂದು ಅಪ್ಪಣೆ ಕೊಡುವುದು ಪದ್ಧತಿ. ನನ್ನ ಹಳೆಯ ಮಾನಿಟರಿನ ಮುಖ ಚೌಕ. ಉದ್ದನೆಯ ಬ್ಯಾನರಿನಲ್ಲಿ ಎಡ ತುದಿ ಕಂಡರೆ ಬಲ ತುದಿ ಕಾಣದು, ಬಲಕ್ಕೆ ಎಳೆದರೆ ಎಡದಲ್ಲಿ ಏನಿತ್ತೆಂಬುದು ಮರೆತುಹೋಗುವುದು. ಹೀಗೆ ಒಮ್ಮೆ ಒಬ್ಬರೇ ಹಿರಿಯರನ್ನು ಎರಡೂ ತುದಿಗೆ ನಿಲ್ಲಿಸಿಬಿಟ್ಟೆ. ಅವರಿಗೆ ಅದು ಬಹಳ ಇಷ್ಟವಾಯಿತು. ಉಳಿದವರು ಮಾತ್ರ ನನ್ನ ಅಂಗಡಿ ಬಿಟ್ಟರು. ಅಗಲದ ಮಾನಿಟರ್ ತರಲೇಬೇಕೆಂದು ನಿಶ್ಚಯಿಸಿದ್ದು ಆಗ.

ಯಾವುದನ್ನು ತರಬೇಕೆಂದು ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದೆ. ಮೊದಲನೆಯವನು ಇಪ್ಪತ್ತೊಂಬತ್ತು ಇಂಚು ಸಾಕೆಂದ. ಎರಡನೆಯವನು ಮೂವತ್ತನಾಲ್ಕಕ್ಕಿಂತ ಕಡಿಮೆ ಕೊಳ್ಳುವವನು ಮೂರ್ಖ ಎಂದ. ನಾನು ಇನ್ನೂ ಕೊಂಡಿರಲಿಲ್ಲ, ಆಗಲೇ ಮೂರ್ಖನಾದೆ. ಹರ್ಟ್ಜ್ ಜಾಸ್ತಿ ಇರಬೇಕು ಎಂದೊಬ್ಬ, ಕೆಲಸಕ್ಕೆ ಹರ್ಟ್ಜ್ ಏಕೆ ಎಂದಿನ್ನೊಬ್ಬ. ನಿಟ್ಸ್, ಪಿಕ್ಸೆಲ್, ಪ್ಯಾನೆಲ್ ಎಂದು ತಲೆ ಮೊಸರು ಗಡಿಗೆಯಾದಾಗ ಗಜೇಂದ್ರಗಡಕ್ಕೆ ಹೋದೆ. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮೆಹಬೂಬ ನನ್ನ ಹಳೆಯ ಗೆಳೆಯ.

"ಅಣ್ಣಾರ, ಪ್ಯಾನೆಲ್‌ನಾಗ ಎರಡು ನಮೂನಿ. ಐಪಿಎಸ್ ತೊಗೊಂಡ್ರ ಯಾ ಕಡಿಯಿಂದ ನೋಡಿದ್ರೂ ಬಣ್ಣ ಒಂದ ಇರ್ತಾವು. ವಿಎ ತೊಗೊಂಡ್ರ ಕಪ್ಪ ಭಾಳ ಚಲೋ, ರೇಟೂ ಕಮ್ಮಿ. ಆದ್ರ ಬಾಜೂಕ ಕುಂತು ನೋಡಿದ್ರ ಬಣ್ಣ ಸಪ್ಪಗ ಕಾಣ್ತಾವು," ಎಂದ.

"ನನಗ ಎರಡೂ ಚಲೋ ಬೇಕಲ್ಲೋ."

"ಹಂಗಂದ್ರ ಬಜೆಟ್ ಅನ್ನೂ ಮಾತು ಬಿಡ್ರಿ."

ಜೊತೆಗೆ ಬಂದಿದ್ದ ನನ್ನ ಹೆಂಡತಿ ಗಿರಿಜಾ ನೆಟ್ಟಗಿದ್ದ ಒಂದು ಐಪಿಎಸ್ ಮಾನಿಟರಿನ ಮುಂದೆ ಅತ್ತಿಂದಿತ್ತ ಓಡಾಡಿ, "ಇದನ್ನ ತೊಗೊಳ್ರಿ. ಮಂದಿ ಹಿಂದ ಮುಂದ ಕುಂತು ನೋಡ್ತಾರ, ನೀವೊಬ್ರ ಅಲ್ಲ," ಎಂದಳು. ಎಷ್ಟು ಸರಳವಾದ ಮಾತು! ಸರಳವಾಗಿದ್ದುದರಿಂದಲೇ ನನಗೆ ಅನುಮಾನ ಬಂತು. ನಾನು ಬಾಗಿದ್ದ ವಿಎ ಮಾನಿಟರಿನ ಎದುರು ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಎರಡೂ ತುದಿಗಳು ನನ್ನನ್ನು ತಬ್ಬಿಕೊಳ್ಳಲು ಬಂದ ಹಾಗಿದ್ದವು. ಇಷ್ಟು ಆದರದಿಂದ ನನ್ನನ್ನು ಯಾರೂ ಬರಮಾಡಿಕೊಂಡಿರಲಿಲ್ಲ. ಅದನ್ನೇ ಕಟ್ಟಿಸಿಕೊಂಡು ಬಂದೆ. ಬಸ್ಸಿನಲ್ಲಿ ಗಿರಿಜಾ ರೋಣದವರೆಗೂ ಕಿಟಕಿಯ ಹೊರಗಿನ ಎರೆಹೊಲಗಳನ್ನೇ ನೋಡುತ್ತ ಕೂತಳು.

ಆ ವಾರವೇ ಸಾವಿತ್ರಿಯ ಮದುವೆ ಬ್ಯಾನರು ಬಂತು. ಸಾವಿತ್ರಿ ನಮ್ಮ ಓಣಿಯ ಹುಡುಗಿ. ಅವಳಿಗೆ ಅಬ್ಬಿಗೇರಿಯಲ್ಲಿ ಇಬ್ಬರು ಸೋದರಮಾವಂದಿರು, ಅಣ್ಣ ಶಂಕ್ರಪ್ಪ ಮತ್ತು ತಮ್ಮ ಮಲ್ಲಪ್ಪ. ಹೊಲದ ಬದುವಿನ ಸಲುವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅಕ್ಷತೆ ಬೀಳುವಾಗ ಬೆನ್ನ ಹಿಂದೆ ನಿಲ್ಲಬೇಕಾದವರು ಸೋದರಮಾವಂದಿರು. "ಕಾಕಾ, ಇಬ್ರೂ ನಿಂದರಬೇಕ್ರಿ. ಒಬ್ರ ಫೋಟೋ ಸಣ್ಣದಾದ್ರೂ ಅವ್ರು ಲಗ್ನಕ್ಕ ಬರಾಂಗಿಲ್ಲ ಅಂತ ಕುಂತಾರ," ಎಂದು ಆ ಹುಡುಗಿ ಗೋಗರೆದಳು. ನಾನು ಧೈರ್ಯ ಹೇಳಿದೆ. ಹೊಸ ಮಾನಿಟರ್ ಇದೆಯಲ್ಲ, ಈ ಸಲ ಎಲ್ಲರೂ ಒಟ್ಟಿಗೇ ಕಾಣುತ್ತಾರೆ ಎಂದೆ. ಶಂಕ್ರಪ್ಪನವರನ್ನು ಎಡ ತುದಿಗೆ, ಮಲ್ಲಪ್ಪನವರನ್ನು ಬಲ ತುದಿಗೆ ಹಾಕಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಅಳೆದಿಟ್ಟೆ.

ಫೋನಿನಲ್ಲಿ ಕಳಿಸಿದ್ದನ್ನು ಇಬ್ಬರೂ ನಂಬಲಿಲ್ಲ. ಕಣ್ಣಾರೆ ನೋಡಬೇಕೆಂದು ಅಬ್ಬಿಗೇರಿಯಿಂದ ಒಂದೇ ಬಸ್ಸಿನಲ್ಲಿ ಬಂದರು, ಅಣ್ಣ ಮುಂದಿನ ಬಾಗಿಲಿಂದ ಇಳಿದರೆ ತಮ್ಮ ಹಿಂದಿನ ಬಾಗಿಲಿಂದ. ಅಂಗಡಿಯಲ್ಲಿ ಅಣ್ಣ ನನ್ನ ಎಡಕ್ಕೆ ಗೋಡೆಗೆ ಒರಗಿ ಕೂತರು, ತಮ್ಮ ಬಲಕ್ಕೆ. ನಾನು ಬ್ಯಾನರನ್ನು ತೆರೆದು, ಹೊಗಳಿಕೆಗೆ ಕಾಯುತ್ತ ನಡುವೆ ಕೂತೆ.

"ನನ್ನ ಮಾರಿಗೆ ಬೂದಿ ಬಡದೀರೇನ್ರಿ?" ಎಂದರು ಶಂಕ್ರಪ್ಪ. "ಆ ತುದಿಯಾಂವನ್ನ ನೋಡ್ರಿ, ತುಪ್ಪಾ ಹಚ್ಚಿದಂಗ ಹೊಳ್ಯಾಕತ್ತಾನ."

ಮಲ್ಲಪ್ಪ ಚಹಾ ತಂದ ಗಿರಿಜಾಳ ಕಡೆ ತಿರುಗಿ, "ಅಕ್ಕಾರ, ಹೊಳ್ಯಾಕತ್ತಿದ್ದು ಯಾರ ಮಾರಿ ಅಂತ ಅವ್ರಿಗೆ ಹೇಳ್ರಿ. ನಂದು ಜ್ವರ ಬಂದಾಂವನಂಗ ಸೊರಗೇತಿ," ಎಂದ.

ನನಗೆ ಒಂದೂ ತಿಳಿಯಲಿಲ್ಲ. ನನ್ನ ಕಣ್ಣಿಗೆ ಇಬ್ಬರೂ ಸರಿಯಾಗಿಯೇ ಇದ್ದರು. ಆದರೂ ಗಿರಾಕಿ ದೇವರಲ್ಲವೇ? ಅಣ್ಣನಿಗೆ ಸ್ವಲ್ಪ ಬೆಳಕು ಕೊಟ್ಟೆ, ತಮ್ಮ ಎದ್ದು ನಿಂತ. ತಮ್ಮನನ್ನು ಸ್ವಲ್ಪ ಅಗಲ ಮಾಡಿದೆ, ಅಣ್ಣ ಹೆಗಲ ಮೇಲಿನ ಟವೆಲ್ಲು ಝಾಡಿಸಿದರು. ಹೀಗೆ ಅಣ್ಣನನ್ನೂ ತಮ್ಮನನ್ನೂ ಬೆಳೆಸುತ್ತ ಹೋದದ್ದರಲ್ಲಿ ಮದುಮಕ್ಕಳು, ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂತವರ ಹಾಗೆ ನಡುವೆ ಸಿಕ್ಕಿಕೊಂಡರು. ಕೊನೆಗೆ ಶಂಕ್ರಪ್ಪ ಎದ್ದೇಬಿಟ್ಟರು. "ಈ ಲಗ್ನಕ್ಕ ನಾ ಬರಾಂಗಿಲ್ಲ." ಮಾವಂದಿರ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಸಾವಿತ್ರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು.

ಗಿರಿಜಾ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಕುರ್ಚಿಯನ್ನು ಹೊರಗಿಟ್ಟು, ಆ ಜಾಗಕ್ಕೆ ಬೆಂಚು ಎಳೆದಳು. "ಹೋಗೂದು ಇದ್ದ ಐತಿ. ಬಾಜೂಕ ಕುಂತ್ರ ಹತ್ತಿರದ ತುದಿ ಸಪ್ಪಗ ಕಾಣ್ತೈತಿ. ಒಮ್ಮೆ ಇಲ್ಲಿ ನಡುವ ಕುಂತು ನೋಡಿ ಹೋಗ್ರಿ. ಇಬ್ರೂ ಕುಂದರ್ರಿ, ಇಲ್ಲಂದ್ರ ಆಮ್ಯಾಲ ಒಬ್ರ ಮಾತು ಒಬ್ರು ನಂಬೂದಿಲ್ಲ." ತುಂಡು ಬೆಂಚದು. ಇಬ್ಬರೂ ಪಂಚೆ ಸರಿಮಾಡಿಕೊಂಡು, ಹೆಗಲಿಗೆ ಹೆಗಲು ತಾಗಿಸಿ, ಆಚೀಚೆ ಮುಖ ಮಾಡಿ ಕೂತರು. ನಾನು ಗೋಡೆಯ ಬದಿಯಿಂದ ಬಗ್ಗಿ, ತಿದ್ದಿದ್ದನ್ನೆಲ್ಲ ಅಳಿಸಿ ಮೊದಲಿನ ಬ್ಯಾನರನ್ನೇ ತಂದಿಟ್ಟೆ.

"ತಲಿ ಸರಸೋ, ಕಾಣವಲ್ದು," ಎಂದರು ಶಂಕ್ರಪ್ಪ.

ಆ ಮಾತು ಆಡಿದ್ದು ತಮ್ಮನಿಗೆ ಎಂಬುದು ಆಡಿದ ಮೇಲೆ ಅವರಿಗೂ ಹೊಳೆದಿರಬೇಕು.

"ನೀನ ಸ್ವಲ್ಪ ಸರಿಯಣ್ಣ," ಎಂದ ಮಲ್ಲಪ್ಪ. ಸರಿಯಲು ಜಾಗವಿರಲಿಲ್ಲ. ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು. ಅಣ್ಣ ಎರಡೂ ತುದಿಗೆ ಕಣ್ಣು ಹಾಯಿಸಿ, "ಎರಡೂ ಒಂದ ಅದಾವಲ್ಲೋ," ಎಂದರು. ತಮ್ಮ ಹೂಂಗುಟ್ಟಿದ. "ನಿನ್ನ ಮೊಮ್ಮಗನ ಫೋಟೋ ಎಲ್ಲಿ?" ಎಂದು ಅಣ್ಣ ಕೇಳಿದರು. "ಹಾಕ್ಸಿಲ್ಲಣ್ಣ. ನಿನ್ನ ಮೊಮ್ಮಕ್ಕಳ್ದು ಇರಾಂಗಿಲ್ಲ ಅಂತ ಬಿಟ್ಟೆ." ಶಂಕ್ರಪ್ಪ ನನ್ನ ಕಡೆ ತಿರುಗಿ ಗುಡುಗಿದರು: "ಇನ್ನೊಂದೀಟು ಉದ್ದ ಮಾಡ್ರಿ ಇದನ್ನ. ಅವನ ಮಕ್ಕಳು, ನನ್ನ ಮಕ್ಕಳು, ಮೊಮ್ಮಕ್ಕಳು, ಎಲ್ಲಾರೂ ಬರ್ಲಿ!" ಸಾವಿತ್ರಿ ಅಳುತ್ತಲೇ ನಕ್ಕಳು.

ಬ್ಯಾನರು ಎರಡರಷ್ಟು ಉದ್ದವಾಯಿತು. ನನ್ನ ಅಲ್ಟ್ರಾವೈಡಿನಲ್ಲಿ ಈಗ ಅದರ ಅರ್ಧ ಮಾತ್ರ ಹಿಡಿಯುತ್ತದೆ. ಅವರೆಲ್ಲ ಗಿರ್ಮಿಟ್ ತಿನ್ನಲು ಎದುರಿನ ಹೋಟೆಲಿಗೆ ಒಟ್ಟಾಗಿ ಹೋದಾಗ ನಾನು ಮೆಹಬೂಬನಿಗೆ ಫೋನ್ ಹಚ್ಚಿ, ಇದಕ್ಕಿಂತ ಅಗಲದ್ದು ಇದೆಯೇ ಎಂದು ಕೇಳಿದೆ.

"ಐತ್ರಿ ಅಣ್ಣಾರ. ನೆಟ್ಟಗಿದ್ದದ್ದು ಬೇಕೋ, ಬಾಗಿದ್ದು ಬೇಕೋ?"

ಬೆಂಚನ್ನು ಗೋಡೆಗೆ ಸರಿಸುತ್ತಿದ್ದ ಗಿರಿಜಾ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಆಗ ನನಗೊಂದು ವಿಚಾರ ಬಂತು. ಅವಳು ಹೇಳಿದ ನೆಟ್ಟಗಿನದನ್ನೇ ತಂದಿದ್ದರೆ ಇಬ್ಬರೂ ತಮ್ಮ ತಮ್ಮ ಮೂಲೆಯಲ್ಲೇ ಕೂತು, ಎಲ್ಲ ಸರಿಯಿದೆಯೆಂದು ತಲೆಯಾಡಿಸಿ, ಒಬ್ಬರು ಮುಂದಿನ ಬಾಗಿಲಿಂದ ಒಬ್ಬರು ಹಿಂದಿನ ಬಾಗಿಲಿಂದ ಬಸ್ಸು ಹತ್ತಿ ಹೋಗುತ್ತಿದ್ದರು. ಅಂದರೆ ನನ್ನ ಆಯ್ಕೆಯೇ ಸರಿ! ಇದನ್ನು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಗಿರಿಜಾ ಮಾತು ಬಿಟ್ಟರೆ ನಮ್ಮಿಬ್ಬರನ್ನು ಬೆಂಚಿನ ಮೇಲೆ ಕೂರಿಸುವವರು ಈ ಊರಿನಲ್ಲಿ ಯಾರಿದ್ದಾರೆ?

"ಮನ್ಯಾಗ ಕೇಳಿ ಹೇಳ್ತೀನೋ," ಎಂದು ಫೋನ್ ಇಟ್ಟೆ.