ನರೆಗೂದಲಿನ ಹಿರಿತನ

ಮನುಷ್ಯನಿಗೆ ಯಾವುದರ ಬಗ್ಗೆ ಬೇಕಾದರೂ ಜಂಬ ಬರಬಹುದು. ನನಗೆ ಬಂದದ್ದು ನರೆಗೂದಲಿನ ಬಗ್ಗೆ. ಐವತ್ತೆರಡಕ್ಕೇ ತಲೆ ಪೂರ್ತಿ ಬೆಳ್ಳಗಾಯಿತು. ಡೈ ಹಚ್ಚಿದರೆ ಕಿವಿಯ ಹಿಂದೆ ತುರಿಕೆ ಏಳುತ್ತಿತ್ತು, ಬಿಟ್ಟೆ. ಬಿಟ್ಟವನು ಸುಮ್ಮನಿದ್ದೆನೇ? ನರೆಗೂದಲು ಬೇಗ ಒಣಗುತ್ತದೆ, ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಬೇಕು, ಸೀಗೆಪುಡಿ ಕಡಿಮೆ ಹಾಕಬೇಕು ಎಂದು ನಮ್ಮ ಗೋಪಾಳ ಬಡಾವಣೆಯ ವಾಕಿಂಗ್ ಗೆಳೆಯರಿಗೆಲ್ಲ ಪಾಠ ಶುರುಮಾಡಿದೆ. ಅವರಲ್ಲೊಬ್ಬರಿಗೆ ತಲೆಯಲ್ಲಿ ಕೂದಲೇ ಇಲ್ಲ. ಪಾಪ, ಅವರೂ ಕೇಳಿದರು.

ಭದ್ರಾವತಿಯಲ್ಲಿರುವ ನನ್ನ ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಆರು. ತಲೆಗೆ ನೀರು ಹಾಕಿ, ಕಿವಿ ಹಿಂಡಿ ಮಗ್ಗಿ ಹೇಳಿಸಿ ಬೆಳೆಸಿದವಳು ಅವಳೇ. ಹದಿನೈದು ದಿನಕ್ಕೊಮ್ಮೆ ಡೈ ಹಚ್ಚುವುದರಿಂದ ಅವಳ ತಲೆ ಈಗಲೂ ಕಾಡಿಗೆಯಷ್ಟು ಕಪ್ಪು. ಹೋದ ತಿಂಗಳು ಆಲ್ಕೊಳದಲ್ಲಿ ನೆಂಟರ ಮದುವೆ. ಹೊಸ ಗಂಡುಹೆಣ್ಣು ಎಲ್ಲರಿಗಿಂತ ಹಿರಿಯರಿಗೆ ಮೊದಲು ನಮಸ್ಕಾರ ಮಾಡಬೇಕು. ಅಕ್ಕ ಸೆರಗು ಸರಿಮಾಡಿಕೊಂಡು ಅಕ್ಷತೆ ಹಿಡಿದು ನಿಂತಿದ್ದಳು. ಆ ಮಕ್ಕಳು ನನ್ನ ತಲೆ ನೋಡಿ ನೇರ ನನ್ನ ಕಾಲಿಗೇ ಬಿದ್ದರು. ಮೊದಲು ಅಕ್ಕನಿಗೆ ಮಾಡಿ ಎನ್ನಬೇಕಿತ್ತು. ಎನ್ನಲಿಲ್ಲ. ಗಂಟಲು ಸರಿಮಾಡಿಕೊಂಡು ಉದ್ದಕ್ಕೆ ಆಶೀರ್ವಾದ ಮಾಡಿದೆ. ಅಷ್ಟರಲ್ಲಿ ಫೋಟೋದವನು ಅವರನ್ನು ಕರೆದುಕೊಂಡು ಹೋದ. ಅಕ್ಷತೆ ಅಕ್ಕನ ಕೈಯಲ್ಲೇ ಉಳಿಯಿತು. ಊಟಕ್ಕೂ ಅವಳು ನನ್ನ ಪಕ್ಕ ಕೂರಲಿಲ್ಲ.

ಹತ್ತು ದಿನ ಅಕ್ಕ ನನ್ನ ಫೋನ್ ಎತ್ತಲಿಲ್ಲ. ನನಗೆ ಅನ್ನ ಸೇರಲಿಲ್ಲ. ನಿಮ್ಮಕ್ಕನಂತೂ ಡೈ ಬಿಡುವವರಲ್ಲ, ಹಚ್ಚಿಕೊಳ್ಳಬೇಕಾದವರು ನೀವೇ ಎಂದು ಹೆಂಡತಿ ತೀರ್ಪು ಕೊಟ್ಟಳು. ಭಾನುವಾರ ಡೈ ಪ್ಯಾಕೆಟ್ ಹಿಡಿದು ಭದ್ರಾವತಿ ಬಸ್ ಹತ್ತಿದೆ. ಅಕ್ಕ ಬಾಗಿಲು ತೆರೆದು, ತಿರುಗಿ ಒಳಗೆ ನಡೆದಳು.

"ಹಚ್ಚಕ್ಕ. ಇನ್ಮೇಲೆ ನಾನು ಸಣ್ಣೋನಾಗೇ ಕಾಣ್ತೀನಿ" ಎಂದೆ.

"ನಿಂಗೆ ತುರಿಸುತ್ತಲ್ಲೋ ಮಾರಾಯ."

"ತುರಿಸ್ಲಿ ಬಿಡು."

ಹಿತ್ತಲಲ್ಲಿ ಸ್ಟೂಲ್ ಹಾಕಿ, ಹಳೇ ಟವೆಲ್ ಹೊದಿಸಿ, ಹತ್ತು ದಿನ ಕೂಡಿಟ್ಟ ಬೈಗುಳವನ್ನೂ ಸೇರಿಸಿ ಹಚ್ಚತೊಡಗಿದಳು. ಎಡಗಡೆ ಮುಗಿಸಿ ಬಲಕ್ಕೆ ಬಂದವಳು ಬ್ರಷ್ ಕೆಳಗಿಟ್ಟುಬಿಟ್ಟಳು.

"ಅಪ್ಪನ ತಲೆ ಹಿಂಗೇ ಇತ್ತು ಕಣೋ. ನಂಗೆ ಕೈ ಬರ್ತಿಲ್ಲ."

ಅವಳ ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಅತ್ತು ಮುಗಿಸುವಷ್ಟರಲ್ಲಿ ಎಡಗಡೆ ಡೈ ಗಟ್ಟಿಯಾಗಿ ಹಿಡಿದಿತ್ತು. ಎಷ್ಟು ತೊಳೆದರೂ ಹೋಗಲಿಲ್ಲ.

ಪೂರ್ತಿ ಬೋಳಿಸಿ ಎಂದು ಹೆಂಡತಿ ಹೇಳುತ್ತಾಳೆ, ಅಕ್ಕ ಒಪ್ಪುವುದಿಲ್ಲ. ಮೊನ್ನೆ ನಮ್ಮ ಮನೆಗೆ ಬಂದಾಗ ನನ್ನ ಬಲಗಡೆ ಕೂತು ಹೋಳಿಗೆಗೆ ತುಪ್ಪ ಹಾಕಿದಳು. ಬೈಯಬೇಕೆನಿಸಿದಾಗ ಮಾತ್ರ ಎದ್ದು ಎಡಗಡೆಗೆ ಬರುತ್ತಾಳೆ. ಬಲಗಡೆಯಿಂದ ಬೈದರೆ ಅಪ್ಪನಿಗೆ ಬೈದ ಹಾಗಾಗುತ್ತದಂತೆ. ಇದ್ದ ಎರಡು ದಿನದಲ್ಲಿ ಹೆಚ್ಚು ಹೊತ್ತು ಅವಳು ಎಡಗಡೆಯೇ ಇದ್ದಳು.