ಸಂಜೆ ಮನೆಗೆ ಹೋಗುವ ದ್ವೀಪ

ಬೆಳಗಾವಿ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ಪ್ರತಿ ಜಿಲ್ಲೆಗೂ ಒಂದು ಸಾಗರ ಹಕ್ಕು ಕೋಶ ಇರತಕ್ಕದ್ದೆಂದು ಆದೇಶವಾದ್ದರಿಂದ ಟಿಳಕವಾಡಿಯಲ್ಲೂ ಒಂದು ತೆರೆಯಿತು. ಕುರ್ಚಿ, ಫಲಕ, ಲಂಗರಿನ ಚಿತ್ರವಿದ್ದ ಮೊಹರು, ಅತಿಶಯ ಎಂಬ ಅಧಿಕಾರಿ, ಸಮೃದ್ಧಿ ಎಂಬ ಸಹಾಯಕಿ, ಎಲ್ಲವೂ ಬಂದವು. ಸಮುದ್ರವೊಂದು ಬಾಕಿ ಇತ್ತು. ಮಾರ್ಚ್ ಒಳಗೆ ಕೆಲಸ ತೋರಿಸದಿದ್ದರೆ ಅನುದಾನ ವಾಪಸು ಹೋಗುವುದಿತ್ತು.

ಆಗ ಬೀಡಿ ಎಂಬ ಊರಿನ ತಮ್ಮಣ್ಣ ಅರ್ಜಿ ಕೊಟ್ಟ. ಊರ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಅವನದು. ಕಾಶವ್ವನ ಎಮ್ಮೆ ನೀರಿಗಿಳಿದು ಬಲೆ ತುಳಿಯುತ್ತದೆ, ತಡೆಯಬೇಕು ಎಂದು ಬರೆದಿದ್ದ. ಕೋಶವು ತಕ್ಷಣ ಕೆರೆಯನ್ನು ಸಮುದ್ರವೆಂದು ಅಂಗೀಕರಿಸಿತು. ನೀರು ಸಿಹಿಯಾಗಿದೆ ಎಂದು ಸಮೃದ್ಧಿ ಆಕ್ಷೇಪ ಎತ್ತಿದಳು. ರವಿವಾರ ಪೇಟೆಯಿಂದ ಒಂದು ಚೀಲ ಉಪ್ಪು ತರಿಸಿ, ಕಾಯಿ ಒಡೆದು, ನೀರಿಗೆ ಸುರಿದು ಆಕ್ಷೇಪವನ್ನು ವಿಲೇವಾರಿ ಮಾಡಲಾಯಿತು.

ಕಾಶವ್ವನಿಗೆ ಇದು ತಿಳಿದದ್ದು ಎಮ್ಮೆ ಹೊಡೆದುಕೊಂಡು ಕೆರೆಗೆ ಬಂದಾಗ. ಏರಿಯ ಮೇಲೆ ಮೇಜು ಹಾಕಿಕೊಂಡು ಅತಿಶಯ ಕೂತಿದ್ದ.

"ಬರ್ರಿ, ಕುಂದರ್ರಿ. ಅಂತರರಾಷ್ಟ್ರೀಯ ಕಾಯ್ದೆ ಪ್ರಕಾರ ದಂಡಿಯಿಂದ ಹನ್ನೆರಡು ನಾಟಿಕಲ್ ಮೈಲಿ ನೀರು ದಂಡಿ ಇದ್ದವರದು. ತಮ್ಮಣ್ಣನ ಮನಿ ದಂಡಿ ಮ್ಯಾಲ ಅದ."

"ಸಾಹೇಬ್ರ, ಈ ದಂಡ್ಯಾಗ ಕೆಮ್ಮಿದ್ರ ಆ ದಂಡ್ಯಾಗ ಕೇಳತೈತಿ."

"ಅದಕ್ಕ ಪೂರ್ತಿ ಅವಂದು. ನಿಮ್ಮ ಮನಿ ಹಿಂದಿನ ಓಣ್ಯಾಗ. ನೀವು ಸಮುದ್ರ ಇಲ್ಲದ ದೇಶ. ಆದ್ರೂ ನಿಮ್ಮ ಎಮ್ಮಿಗೆ ನಿರುಪದ್ರವಿ ಸಂಚಾರದ ಹಕ್ಕು ಅದ. ಈ ಕಡೆ ಇಳಿದು ಆ ಕಡೆ ಹತ್ತಬಹುದು. ನಡುವ ನಿಲ್ಲಂಗಿಲ್ಲ."

"ಎಮ್ಮಿ ನೀರಿಗೆ ಹೋಗೂದ ಕುಂದರಾಕ್ರೀ! ಬ್ಯಾಸಗ್ಯಾಗ ಕುಂದರಲಿಲ್ಲಂದ್ರ ಹಾಲು ಬತ್ತತಾವು."

"ಮುಳುಗಿ ಕುಂತ್ರ ಅದು ಜಲಾಂತರ್ಗಾಮಿ. ಜಲಾಂತರ್ಗಾಮಿ ಮ್ಯಾಲೆ ಬಂದು, ಧ್ವಜ ತೋರಿಸಿ ಹೋಗಬೇಕು."

ಆ ಮನೆಗೆ ಹಾಲು ಬಿಟ್ಟರೆ ಬೇರೆ ಗಳಿಕೆಯಿರಲಿಲ್ಲ. ಕಾಶವ್ವ ಹಳೆಯ ಇಳಕಲ್ಲ ಸೀರೆಯ ತುಂಡೊಂದನ್ನು ಎಮ್ಮೆಯ ಕೋಡಿಗೆ ಕಟ್ಟಿದಳು. ಕರೆವ್ವ ಎಂಬ ಆ ಎಮ್ಮೆ ಧ್ವಜಸಮೇತ ನೀರಿಗಿಳಿದು, ನಟ್ಟನಡುವೆ ಹೋಗಿ ಕೂತಿತು. ತಮ್ಮಣ್ಣ ಕೂಗಿದ, ಕುಣಿದ, ಹೆಂಟೆ ಎಸೆದ. ಅದು ಕಣ್ಣು ಮುಚ್ಚಿತು.

ಅದೇ ಹೊತ್ತಿಗೆ ಸಮುದ್ರದ ಅಧಿಕೃತ ನಕ್ಷೆ ತೆಗೆಯಲಾಗುತ್ತಿತ್ತು. ಮೋಜಣಿಯವರು ಕಂಡದ್ದನ್ನು ಬರೆಯುವವರು. ಕೆರೆಯ ನಡುವೆ ಕಪ್ಪಗೆ, ಅಲ್ಲಾಡದೆ, ನೀರಿನ ಮೇಲೆ ಕಂಡದ್ದನ್ನು ದಿಬ್ಬವೆಂದು ಬರೆದರು. ಅದರ ಮೇಲೊಂದು ಬೆಳ್ಳಕ್ಕಿ ಕೂತಿದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಅತಿಶಯ ಮೊಹರು ಒತ್ತಿದ.

"ಸರ್, ಅದು ಎಮ್ಮಿ," ಎಂದಳು ಸಮೃದ್ಧಿ.

"ಇತ್ತು. ಈಗ ನಕ್ಷೆದಾಗ ಬಂದದ. ಕಾಶವ್ವ, ನೀರು ಏರಿದಾಗ ಅದು ಮುಳುಗತದೇನು?"

"ಮಳಿಗಾಲದಾಗ ಕೆರಿ ತುಂಬಿದ್ರೂ ಬೆನ್ನು ಮ್ಯಾಲ ಇರತೈತ್ರೀ."

"ಹಂಗಾದ್ರ ದ್ವೀಪ. ದ್ವೀಪಕ್ಕೂ ತನ್ನ ಸಮುದ್ರ ಇರತದ. ಧ್ವಜ ಯಾರದು?"

ಎಲ್ಲರೂ ಸೀರೆಯ ತುಂಡು ನೋಡಿದರು.

ತಮ್ಮಣ್ಣನೂ ಕಾಯ್ದೆ ಓದಿಸಿಕೊಂಡು ಬಂದ. "ಸಾಹೇಬ್ರ, ಜನಾ ಇರಲಾರದ, ಸ್ವಂತ ಗಳಿಕಿ ಇಲ್ಲದ ಬರೇ ಬಂಡೆಗಲ್ಲಿಗೆ ಮೀನಿನ ಹಕ್ಕು ಇಲ್ಲಂತ."

ವಿಷಯ ಗಂಭೀರವಾಗಿತ್ತು. ಅತಿಶಯ ಚಹಾ ತರಿಸಿ, ಒಂದು ಗುಟುಕು ಕುಡಿದು, ಲೋಟ ನೋಡಿದ.

"ಈ ಹಾಲು ಎಲ್ಲಿದು?"

"ದ್ವೀಪದ್ದು, ಸರ್," ಎಂದಳು ಸಮೃದ್ಧಿ.

ಗಳಿಕೆ ಸಾಬೀತಾಯಿತು. ಆದೇಶ ಹೊರಟಿತು: ದ್ವೀಪವು ಸಂಜೆ ಹಾಲು ಕರೆಯಿಸಿಕೊಳ್ಳಲು ಮನೆಗೆ ಹೋಗಿಬರತಕ್ಕದ್ದು. ಗೈರುಹಾಜರಿಯಲ್ಲೂ ಅದರ ಸಾರ್ವಭೌಮತ್ವ ಮುಂದುವರಿಯುವುದು. ಪ್ರತಿದಿನ ದ್ವೀಪ ಕೂತ ಜಾಗಕ್ಕೂ ತಮ್ಮಣ್ಣನ ದಂಡೆಗೂ ನಡುವೆ ಮಧ್ಯರೇಖೆ ಎಳೆದು, ಈಚೆಯ ಮೀನು ತಮ್ಮಣ್ಣನಿಗೆ, ಆಚೆಯದು ಕಾಶವ್ವನಿಗೆ ಸೇರತಕ್ಕದ್ದು.

ಈಗ ಬೀಡಿಯಲ್ಲಿ ಯಾರಿಗೂ ಇದು ವಿಚಿತ್ರವೆನಿಸುವುದಿಲ್ಲ. ಸಮೃದ್ಧಿ ಬೆಳಗಿನ ಬಸ್ಸಿಗೆ ಬಂದು ಮಧ್ಯರೇಖೆ ಅಳೆಯುವ ಹಗ್ಗ ಹಿಡಿದು ನಿಲ್ಲುತ್ತಾಳೆ. ತಮ್ಮಣ್ಣ ಬಲೆ ಹೆಗಲಿಗೇರಿಸಿಕೊಂಡು ಕಾಯುತ್ತಾನೆ.

"ಚಿಗವ್ವ, ಇವತ್ತರ ಸ್ವಲ್ಪ ದೂರ ಕುಂದರಾಕ ಹೇಳಬೇ," ಎಂದ ಮೊನ್ನೆ ಕಾಶವ್ವನಿಗೆ.

"ನಾ ಹೆಂಗ ಹೇಳ್ಲೋ ಯಪ್ಪಾ? ಅದು ಬ್ಯಾರೆ ದೇಶ."

ಕರೆವ್ವ ನಿಧಾನಕ್ಕೆ ನೀರಿಗಿಳಿಯಿತು, ಅತ್ತಿತ್ತ ನೋಡಿತು, ತಮ್ಮಣ್ಣನ ಮನೆಯ ಮೆಟ್ಟಿಲ ಬುಡಕ್ಕೇ ಬಂದು ಕೂತಿತು. ತಮ್ಮಣ್ಣ ಬಲೆ ಮಡಚಿ, ದ್ವೀಪಕ್ಕೆ ತಾಗದಂತೆ ಬದಿಯಿಂದ ಬಳಸಿಕೊಂಡು ಮನೆಯೊಳಗೆ ಹೋದ.