ಇನ್‌ಸ್ಪೆಕ್ಷನ್‌ಗೆ ಒಣಗಿದ ಬೀದಿ

ಬೆಳಗ್ಗೆ ಬಾಗಿಲು ತೆರೆದ ಬೈಂಡರ್, ಮೆಟ್ಟಿಲಿನವರೆಗೆ ಬಂದು ನಿಂತಿದ್ದ ಕೊಳಕು ನೀರನ್ನು ನೋಡಿ ನಕ್ಕ.

"ರೀ, ಒಳಗೆ ಬನ್ನಿ. ಮೋರಿ ನೀರು ನೋಡಿ ನಗೋರನ್ನ ಇವತ್ತೇ ನೋಡಿದ್ದು ನಾನು," ಎಂದಳು ಹೆಂಡತಿ.

"ನಗದೆ ಏನ್ಮಾಡ್ಲಿ? ಎಂಜಿನಿಯರು ಬರೋದೂ ಇವತ್ತೇ, ನೀರು ಬಂದಿರೋದೂ ಇವತ್ತೇ. ಹೇಳಿ ಕರೆಸಿದ ಹಾಗಿದೆ!"

ಅವನ ಕಸುಬು ಪುಸ್ತಕಗಳಿಗೆ ರಟ್ಟು ಕಟ್ಟುವುದು. ಬೀದಿಯವರಿಗೆಲ್ಲ ಅವನು ಬೈಂಡರ್. ಆದರೆ ಅವನು ಬೈದದ್ದನ್ನು ಯಾರೂ ಕೇಳಿಲ್ಲ, ಬೈಸಿಕೊಳ್ಳುವುದೇ ಹೆಚ್ಚು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಅಪ್ಪನ ಕಾಲದ ಮರದ ಪ್ರೆಸ್ಸು, ಅಂಟಿನ ಡಬ್ಬಿ, ದಾರದುಂಡೆ, ಸೂಜಿ. ಪ್ರತಿ ಮಳೆಗೂ ನೀರು ಹೊಸ್ತಿಲು ದಾಟಿ, ಗಿರಾಕಿಗಿಂತ ಮೊದಲು ಒಳಗೆ ಬರುತ್ತಿತ್ತು. ಹೋದ ಸಲ ಒಂದು ಲೈಬ್ರರಿಯ ಪುಸ್ತಕಗಳೆಲ್ಲ ನೀರು ಕುಡಿದು, ಹಲ್ಲುನೋವಿನ ಕೆನ್ನೆಯ ಹಾಗೆ ಊದಿಕೊಂಡಿದ್ದವು. ಅವತ್ತೇ ಹೆಂಡತಿ ಹೇಳಿಬಿಟ್ಟಿದ್ದಳು: "ಇನ್ನೊಂದೇ ಒಂದು ಸಲ ನೀರು ಒಳಗೆ ಬಂದ್ರೆ ಅಂಗಡಿಗೆ ಬೀಗ. ಎಲ್ಲಾದ್ರೂ ಸಂಬಳದ ಕೆಲಸ ಹುಡುಕ್ಕೊಳ್ಳಿ."

ಅದಕ್ಕೇ ನಗರಸಭೆಗೆ ಈ ಅರ್ಜಿ. ಮಾರುಕಟ್ಟೆಗೆ ಬಂದವರೆಲ್ಲ ಬೀದಿಯ ಎರಡೂ ಕಡೆ ಗಾಡಿ ನಿಲ್ಲಿಸುತ್ತಾರೆ, ಚರಂಡಿಯ ಬಾಯಿ ಗಾಡಿಗಳ ಅಡಿಗೆ ಬಿದ್ದಿದೆ, ಗುಡಿಸುವವರಿಗೂ ಸಿಗುವುದಿಲ್ಲ, ಆದ್ದರಿಂದ ನೀರು ನಿಲ್ಲುತ್ತದೆ, ದಯವಿಟ್ಟು ಕ್ರಮ ಕೈಗೊಳ್ಳಿ. ಬರೆದುಕೊಟ್ಟವರು ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು. ಹಾರ್ಡ್‌ವೇರ್ ಅಂಗಡಿಯವನೂ ಸಹಿ ಹಾಕಿದ. ಚರಂಡಿಯ ಬಾಯಿಯ ಮೇಲೆ ಸದಾ ಪವಡಿಸಿರುತ್ತಿದ್ದ ವ್ಯಾನು ಅವನದೇ. "ಇದು ಬೇರೆಯವರ ಗಾಡಿ ಬಗ್ಗೆ ತಾನೇ?" ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಸಹಿ ಹಾಕಿದ್ದ.

ನಗರಸಭೆಯವರು ಆ ಅರ್ಜಿಯನ್ನು ತಲೆದಿಂಬು ಮಾಡಿಕೊಂಡು ಬಹಳ ದಿನ ಮಲಗಿ, ಕೊನೆಗೆ ಎದ್ದು ಹೇಳಿ ಕಳಿಸಿದ್ದರು: ಎಂಜಿನಿಯರು ಇನ್‌ಸ್ಪೆಕ್ಷನ್‌ಗೆ ಬರುತ್ತಾರೆ.

ಕೆಟ್ಟದ್ದು ಆ ಪದವೇ. ಬದುಕಿಡೀ ಇನ್‌ಸ್ಪೆಕ್ಷನ್‌ಗೆ ಶಾಲೆಯನ್ನು ಅಣಿ ಮಾಡಿದ ಹೆಡ್‌ಮಾಸ್ಟರಿಗೆ ಅದು ಕಿವಿಗೆ ಬಿದ್ದರೆ ಮೈಮೇಲೆ ಬಂದಂತಾಗುತ್ತಿತ್ತು. ಬೈಂಡರ್ ತನ್ನ ನೀರನ್ನು ಪೈರು ಕಾಯುವವನಂತೆ ಕಾಯುತ್ತ ನಿಂತಿರುವಾಗಲೇ ಅವರು ಪ್ಯಾಂಟು ಮಡಿಚಿಕೊಂಡು, ಪೊರಕೆ ಹಿಡಿದು ಇಳಿದುಬಂದರು.

"ಏನಯ್ಯಾ ಇದು ಗಲೀಜು? ದೊಡ್ಡ ಆಫೀಸರು ಬರೋ ಹೊತ್ತು! ಮೊದಲು ಸ್ವಚ್ಛತೆ, ಆಮೇಲೆ ಸಮಸ್ಯೆ. ಗೊತ್ತಾಯ್ತಾ? ಏನು ಗೊತ್ತಾಯ್ತು?"

"ಮೊದಲು ಸ್ವಚ್ಛತೆ, ಆಮೇಲೆ ಸಮಸ್ಯೆ, ಸಾರ್," ಎಂದ ಬೈಂಡರ್. ಅವನು ಅವರ ಹಳೆಯ ಶಿಷ್ಯ. ಅವರನ್ನು ಕಂಡೊಡನೆ ಕೈ ತಾನಾಗಿಯೇ ಕಟ್ಟಿಕೊಳ್ಳುತ್ತಿತ್ತು. ಕೈ ಕಟ್ಟಿದರೆ ಬಾಯಿಯೂ ಕಟ್ಟುತ್ತಿತ್ತು. ಆದರೂ ಧೈರ್ಯ ಮಾಡಿ, "ಸಾರ್, ಈ ನೀರೇ ನಮ್ಮ ಸಾಕ್ಷಿ..." ಎಂದ.

"ಸಾಕ್ಷಿಯಾದ್ರೇನು, ಮುಖ ತೊಳ್ಕೊಂಡು ಬರಬಾರದಾ?"

ಬೀದಿಗೆಲ್ಲ ಅತ್ತೆಯಾದ ಮಹಡಿ ಮನೆಯವರು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದರು. "ಮೇಷ್ಟ್ರು ಹೇಳೋದು ಸರಿ. ಬಂದವರು ನಮ್ಮನ್ನ ಏನಂದ್ಕೊಳ್ತಾರೆ? ಇಂಥಾ ಕೊಚ್ಚೇಲಿ ಇರೋರು ಅನ್ನಲ್ವಾ?"

"ಅತ್ತೆ, ಅನ್ನಲಿ ಅಂತಾನೇ ಅಲ್ವಾ ಕರೆಸಿರೋದು?"

"ನೀನು ಸುಮ್ನಿರಪ್ಪ. ನಿನಗೆ ನಾಚಿಕೆ ಇಲ್ಲ ಅಂತ ನಾವೆಲ್ಲ ಬಿಡೋಕಾಗುತ್ತಾ?"

ಬೀದಿ ಹುಮ್ಮಸ್ಸಿಗೆ ಬಿತ್ತು. ನಿಂತ ಗಾಡಿಗಳ ಮಾಲೀಕರನ್ನು ಮಾರುಕಟ್ಟೆಯಿಂದ ಹುಡುಕಿ ಎಳೆತಂದು ಗಾಡಿ ತೆಗೆಸಿದರು. ಹಾರ್ಡ್‌ವೇರಿನವನು ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯ ಮುಖ ಮಾಡಿಕೊಂಡು ವ್ಯಾನನ್ನು ಕದಲಿಸಿದ. ಹೆಡ್‌ಮಾಸ್ಟರು ಚರಂಡಿಯ ಬಾಯಿಗೆ ಕೋಲು ಹಾಕಿ ತಿವಿದರು. ಒಳಗಿಂದ ಚೀಲ, ಚಿಂದಿ, ಯಾರದೋ ಒಂಟಿ ಚಪ್ಪಲಿ ಎದ್ದುಬಂದವು. ಆಮೇಲೆ ಚರಂಡಿ ಗಂಟಲು ಸರಿಪಡಿಸಿಕೊಂಡ ಭಾಷಣಕಾರನಂತೆ ಗಳಗಳನೆ ಶಬ್ದ ಮಾಡುತ್ತ, ಬೈಂಡರನ ಸಾಕ್ಷಿಯನ್ನೆಲ್ಲ ನುಂಗಿಬಿಟ್ಟಿತು.

ಇಷ್ಟಕ್ಕೆ ತೃಪ್ತರಾಗದ ಹೆಡ್‌ಮಾಸ್ಟರು, ಆಟದ ಮೈದಾನಕ್ಕೆ ಹಾಕುವಂತೆ ಬೀದಿಯ ಎರಡೂ ಅಂಚಿನಲ್ಲಿ ಸುಣ್ಣದ ಪುಡಿಯ ಗೆರೆ ಎಳೆದರು. ಒಂದೊಂದು ಮನೆಯ ಮುಂದೆಯೂ ಅಳತೆ ಹಿಡಿದು ಅಚ್ಚುಕಟ್ಟಾದ ಚೌಕ.

"ಈಗ ಬೀದಿ ಬೀದಿ ಹಾಗಿದೆ. ಹೇಗಿದೆ?"

"ಬೀದಿ ಹಾಗಿದೆ ಸಾರ್," ಎಂದ ಬೈಂಡರ್. ಅಳು ಬರುವಂತಿತ್ತು. ಅಷ್ಟು ಚಂದದ ಬೀದಿಯನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಕಾಣಬಾರದ ದಿನವೇ ಕಾಣಿಸಿಬಿಟ್ಟಿತು.

ಒಳಗೆ ಹೋಗಿ ಪ್ರೆಸ್ಸಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಏನು ಹೊಳೆಯಿತೋ, ಬಚ್ಚಲಿನಿಂದ ಬಕೆಟ್ಟು ತುಂಬಿ ತಂದು, ಯಾರೂ ನೋಡದಂತೆ ಬೀದಿಗೆ ಸುರಿದ. ಒಂದಿಷ್ಟು ಕೆರೆಯಾದರೂ ಇರಲಿ ತೋರಿಸಲು! ಆದರೆ ಹೊಸದಾಗಿ ಬಾಯಿ ಬಿಟ್ಟ ಚರಂಡಿಗೆ ಹಸಿವು ಜೋರಾಗಿತ್ತು. ಗುಳುಂ ಎಂದಿತು. ಇನ್ನೊಂದು ಬಕೆಟ್ಟು ತಂದ. ಮತ್ತೆ ಗುಳುಂ. ರೋಷ ಬಂದು ಮತ್ತೊಂದನ್ನು ಬೀಸಿ ಎರಚಿದ. ತಿರುವಿನಿಂದ ಬಂದು ನಿಂತ ಜೀಪಿನಿಂದ ಆಗಷ್ಟೇ ಒಂದು ಬೂಟುಗಾಲು ಕೆಳಗಿಳಿದಿತ್ತು.

"ಬೀದಿಗೆ ನೀರು ಚೆಲ್ಲಲಾಗುತ್ತಿದೆ," ಎಂದರು ಎಂಜಿನಿಯರು, ಒದ್ದೆಯಾದ ಪ್ಯಾಂಟನ್ನು ನೋಡುತ್ತ. ಅವರು ಕಡತದಲ್ಲಿ ಬರೆದೂ ಬರೆದೂ, ಮಾತನ್ನೂ ಕಡತದಂತೆಯೇ ಆಡುತ್ತಿದ್ದರು. "ಅರ್ಜಿಯಲ್ಲಿ ಹೇಳಲಾದ ನೀರಿನ ಮೂಲವನ್ನು ಪತ್ತೆ ಹಚ್ಚಲಾಯಿತು."

"ಅಯ್ಯೋ, ಅಲ್ಲ ಸಾರ್! ಬೆಳಗ್ಗೆ ಇಲ್ಲಿ ಮೊಣಕಾಲುದ್ದ ನೀರಿತ್ತು ಸಾರ್. ನೀವು ಬರ್ತೀರಿ ಅಂತ ಎಲ್ಲಾ ಸೇರಿ ತೆಗೆದುಬಿಟ್ವಿ. ಬೇಕಾದ್ರೆ ಮೇಷ್ಟ್ರನ್ನ ಕೇಳಿ!"

ಎಂಜಿನಿಯರು ಹೆಡ್‌ಮಾಸ್ಟರ ಕಡೆ ತಿರುಗಿದರು. "ಹೌದೇ?"

ಹೆಡ್‌ಮಾಸ್ಟರು ಅಂಗಿಯ ಗುಂಡಿ ಸರಿಮಾಡಿಕೊಂಡು ಎದೆ ಸೆಟೆಸಿ ನಿಂತರು. "ಇಲ್ಲ ಸಾರ್. ನಮ್ಮದು ಯಾವಾಗಲೂ ಹೀಗೇ ಸ್ವಚ್ಛ!"

ಹೇಳಿದ ಮೇಲೆ ಅವರ ಮುಖ ಕಳೆಗುಂದಿತು. ಬಾಯಿ ಸ್ವಲ್ಪ ತೆರೆದೇ ಇತ್ತು, ಹೋದ ಮಾತು ವಾಪಸು ಬಂದೀತೇನೋ ಎಂಬಂತೆ. ಶಾಲೆಗೆ ಬರುತ್ತಿದ್ದ ಇನ್‌ಸ್ಪೆಕ್ಟರ ಎದುರು ಹೇಳಿ ಹೇಳಿ ಅಭ್ಯಾಸವಾಗಿದ್ದ ಮಾತು ಅದು. ಬೈಂಡರ್ ಅವರನ್ನು ನೋಡಿದ. ಅವರು ಸುಣ್ಣ ಮೆತ್ತಿದ ತಮ್ಮ ಕೈ ನೋಡಿಕೊಂಡರು.

ಎಂಜಿನಿಯರ ಕಣ್ಣು ಬಿಳಿಯ ಚೌಕಗಳ ಮೇಲೆ ಬಿತ್ತು. ಅವರ ಮುಖ ಅರಳಿತು. "ಅಗಲವಿದೆ, ಒಣಗಿದೆ, ನೀರು ಇಂಗುತ್ತದೆ, ಗುರುತೂ ಹಾಕಲಾಗಿದೆ! ಮಾರುಕಟ್ಟೆಯ ವಾಹನಗಳಿಗೆ ಇಂಥದೇ ಜಾಗವನ್ನು ಹುಡುಕಲಾಗುತ್ತಿತ್ತು."

"ಸಾರ್, ಸಾರ್, ಅದು ಆಟದ ಗೆರೆ..." ಎಂದ ಬೈಂಡರ್.

"ನಾಗರಿಕರ ಸಹಕಾರವನ್ನು ಮೆಚ್ಚಲಾಗಿದೆ," ಎಂದು ಎಂಜಿನಿಯರು ಜೀಪು ಹತ್ತಿದರು.

ಅರ್ಜಿ ಓದಲು ಅಷ್ಟು ಕಾಲ ತೆಗೆದುಕೊಂಡ ಕಚೇರಿ, ಬೋರ್ಡು ನೆಡಲು ಸಂಜೆಯವರೆಗೂ ಕಾಯಲಿಲ್ಲ. 'ಸಾರ್ವಜನಿಕ ವಾಹನ ನಿಲುಗಡೆ ಸ್ಥಳ.' ಅದರ ಕಂಬ ಬೈಂಡರನ ಮೆಟ್ಟಿಲ ಪಕ್ಕದಲ್ಲೇ ನಿಂತಿತು. ಚೌಕಗಳೆಲ್ಲ ತುಂಬಿದವು. ಹಾರ್ಡ್‌ವೇರಿನವನ ವ್ಯಾನು ಹಳೆಯ ಜಾಗಕ್ಕೇ ಮರಳಿತು. "ಈಗ ನಂದೂ ಕಾನೂನು ಪ್ರಕಾರಾನೇ ನಿಂತಿರೋದಪ್ಪ," ಎಂದ ಅವನು.

ವ್ಯಾನಿನ ಅಡಿಯಲ್ಲಿ ಚರಂಡಿಯ ಬಾಯಿ ಮತ್ತೆ ಕಸ ಕಟ್ಟಿಕೊಂಡಿತು. ಆಮೇಲೆ ಮಳೆ ಬಂತು.

ನೀರು ಮೆಟ್ಟಿಲು ಹತ್ತಿತು. ಹೊಸ್ತಿಲ ಬಳಿ ಒಂದು ಕ್ಷಣ ನಿಂತಿತು. ಒಳಗೆ ಬಂತು. ಹೆಂಡತಿ ಸೀರೆ ಎತ್ತಿ ಕಟ್ಟಿದಳು. ಇಬ್ಬರೂ ಸೇರಿ ಪುಸ್ತಕಗಳನ್ನು ಅಟ್ಟಕ್ಕೆ ಏರಿಸಿದರು. ಮಾವನ ಕಾಲದ ಪ್ರೆಸ್ಸಿನ ಮೇಲೆ ಅವಳೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮಗುವಿನ ಹೊದಿಕೆಯಂತೆ ಅಂಚು ಸಿಕ್ಕಿಸಿದಳು. ಬಾಗಿಲೆಳೆದು ಬೀಗ ಹಾಕಿದಳು.

ಬೋರ್ಡು ನೆಟ್ಟಿದ್ದ ನಗರಸಭೆಯವನು ಹೊರಗೆ ಕೊಡೆ ಹಿಡಿದು ನಿಂತಿದ್ದ. "ಇಲ್ಲಿ ಗಾಡಿ ನೋಡ್ಕೊಳ್ಳೋಕೆ ಒಬ್ಬರು ಬೇಕು. ಈ ಬೀದಿಯವರೇ ಯಾರಾದ್ರೂ ಇದ್ದಾರಾ?"

"ಇದ್ದಾನೆ," ಎಂದರು ಹೆಡ್‌ಮಾಸ್ಟರು ಎದುರು ಜಗಲಿಯಿಂದ. ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. "ನನ್ನ ಶಿಷ್ಯ. ಹೇಳಿದ ಮಾತು ಕೇಳ್ತಾನೆ." ಗೊತ್ತಾಯ್ತಾ ಎಂದು ಅವರು ಕೇಳಲಿಲ್ಲ.

ಹೆಂಡತಿ ಗಂಡನ ಕಡೆ ನೋಡಿದಳು. "ಸಂಬಳ ಇದೆಯಂತಾ?"

ಇತ್ತು. ಆತ ಕೊಟ್ಟ ಸೀಟಿಯನ್ನು ಬೈಂಡರ್ ಕೊರಳಿಗೆ ಹಾಕಿಕೊಂಡ.

ಕಣಕಾಲು ಮುಳುಗುವ ನೀರಿನಲ್ಲಿ ನಿಂತಿದ್ದಾಗ ಒಂದು ಕಾರು ಬಂದು ಗಾಜು ಇಳಿಸಿತು. "ಏನ್ರೀ, ಇಲ್ಲಿ ನೀರು ನಿಲ್ಲುತ್ತಾ?"

ಬೈಂಡರನ ಕಣ್ಣು ಎದುರು ಜಗಲಿಯ ಕಡೆ ಹೋಯಿತು. ಕೈ ತಾನಾಗಿಯೇ ಕಟ್ಟಿಕೊಂಡಿತು.

"ಇಲ್ಲ ಸಾರ್. ನಮ್ಮದು ಯಾವಾಗಲೂ ಹೀಗೇ ಸ್ವಚ್ಛ," ಎಂದು ಸೀಟಿ ಊದಿ, ಬೀಗ ಹಾಕಿದ ತನ್ನ ಬಾಗಿಲ ಮುಂದಿನ ಚೌಕವನ್ನು ತೋರಿಸಿದ.